ಕಲ್ಲಿನ ವಯಸ್ಸು

ಮಡಿಕೇರಿಯ ಕಾಲೇಜು ರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ.
ಈ ಊರಿನ ಅಷ್ಟೂ ಕಾಗದ ನನ್ನ ಗಾಜಿನ ಮೇಲೆ
ಬೋರಲು ಮಲಗಿ ಎದ್ದು ಹೋಗಿದೆ:
ಜಮ್ಮಾ ಜಾಗದ ಪಹಣಿ, ಕೋವಿಯ ವಿನಾಯಿತಿ ಪತ್ರ,
ಹೋಂಸ್ಟೇ ಪರವಾನಗಿ, ಒಮ್ಮೆ ಯಾರದೋ ಪ್ರೇಮಪತ್ರ
(ಎರಡು ಪ್ರತಿ).
ಕಾಗದಕ್ಕೆ ಹೆದರುವವಳಲ್ಲ ನಾನು.

ವಿಮೆಯವರ ಪತ್ರ ಬಂದಾಗ ಮೊದಲು ನೋಡಿದ್ದು
ಅಕ್ಷರ ಮಸುಕಾಗಿದೆಯೇ ಎಂದು.
ಚೆನ್ನಾಗಿ ಮೂಡಿತ್ತು. ವಿಷಾದಿಸುತ್ತೇವೆ, ಎಂದಿತ್ತು.

ಮೈಸೂರಿನ ಆಸ್ಪತ್ರೆ, ನಡುರಾತ್ರಿ.
ಹತ್ತು ದಿನದಿಂದ ನೋವು, ಎಂದಿದ್ದೆ ಹಲ್ಲು ಕಚ್ಚಿ.
ಪಾಳಿಯ ಹುಡುಗ ಡಾಕ್ಟರು ಹತ್ತು ವರ್ಷ ಎಂದು ಬರೆದುಕೊಂಡ.
ಅವನಿಗೂ ನಿದ್ದೆ, ಪಾಪ.
ಪಿತ್ತಕೋಶ ಹೋಯಿತು, ಒಂದು ಲಕ್ಷದ ಎಂಬತ್ತಾರು ಸಾವಿರ ಹೋಯಿತು,
ಪುಟ್ಟ ಬಾಟಲಿಯಲ್ಲಿ ಏಳು ಕಲ್ಲು ಕೈಗೆ ಬಂತು.

ಲಾಯರ್ ದೇಚಕ್ಕ ಬಾಟಲಿ ಅಲುಗಿಸಿ ನೋಡಿದರು.
"ಕಲ್ಲು ಕಟ್ಟಲು ವರ್ಷಗಳು ಬೇಕು ಅಂತಾರೆ ಅವರು.
ಕಲ್ಲಿನ ವಯಸ್ಸು ಯಾರು ಬಲ್ಲರು ಅಂತೇನೆ ನಾನು.
ಪಾಲಿಸಿಗೆ ಸಹಿ ಹಾಕುವಾಗ ಓದಿದ್ದಿರಾ?"
ಸಾವಿರ ಜನರ ಕಾಗದ ಕಂಡವಳು
ನನ್ನದನ್ನು ಮಾತ್ರ ಓದಿರಲಿಲ್ಲ.

ಮೊದಲು ಕಂಪೆನಿಗೇ ಮೇಲ್ಮನವಿ. ಕೊಟ್ಟ ಉತ್ತರವನ್ನೇ
ತಾರೀಖು ಬದಲಿಸಿ ಕಳಿಸಿದರು. ಅದೂ ಒಂದು ಜೆರಾಕ್ಸೇ.
ಫೋನು ಮಾಡಿದರೆ ಒಂದನ್ನು ಒತ್ತಿ, ಒಂಬತ್ತನ್ನು ಒತ್ತಿ,
ಕೊನೆಗೆ ಸಂಗೀತ.
ಆ ಹುಡುಗ ಡಾಕ್ಟರು ತಪ್ಪಾಯಿತೆಂದು ಬರೆದುಕೊಡಬೇಕು;
ಅವನೀಗ ಕೊಲ್ಲಿ ದೇಶದಲ್ಲಿ, ನಂಬರು ಬದಲಾಗಿದೆ.
ಆಮೇಲೆ ಗ್ರಾಹಕರ ಆಯೋಗ.
ಆರು ವಾಯಿದೆ. ಒಂದು ಸಲ ಅಧ್ಯಕ್ಷರ ರಜೆ,
ಒಂದು ಸಲ ಅವರ ವಕೀಲರ ಕಾರು ಸುಂಟಿಕೊಪ್ಪದಲ್ಲಿ ಕೆಟ್ಟಿತು,
ಒಂದು ಸಲ ಮಂಜು.
ಪುತ್ತರಿಯ ದಿನ ಕದಿರು ಕೊಯ್ದು ಪೊಲಿ ಪೊಲಿ ದೇವಾ ಎಂದು ಕೂಗುವಾಗ
ಬೆಳೆದದ್ದು ನನ್ನ ಫೈಲು ಮಾತ್ರ ಅನ್ನಿಸಿ
ನಗು ಬಂತು, ಹೊಲಿಗೆ ಹಾಕಿದ ಕಡೆ ನೋವಾಯಿತು.

ಕೈಲ್ ಪೊಳ್ದಿಗೆ ಎಲ್ಲರೂ ಕೋವಿಗೆ ತೋಕ್ ಪೂ ಮುಡಿಸಿದರು.
ನಾನು ಮಿಷನ್ನಿಗೊಂದು, ಫೈಲಿಗೊಂದು.
"ನನ್ನ ಪೆನ್ನಿಗೂ ಇಡಿ," ಎಂದರು ದೇಚಕ್ಕ.
ಇನ್ನೂ ಫೀಸು ಕೇಳಿಲ್ಲ ಅವರು. ಕೇಳದಿರುವುದೇ ನನಗೆ ಭಾರ.

ನಿನ್ನೆ ಒಬ್ಬ ಗುಮಾಸ್ತ ಬಂದ, ಕೊಡೆ ಕೊಡವುತ್ತ,
ಬೇಗ ಬೇಗ, ಎಂದ. ಅರವತ್ತೆರಡು ಪುಟ.
ಮೂರನೆಯ ಹಾಳೆಯ ಮೇಲೆ ಬೆಳಕು ಹರಿಯುವಾಗ
ನನ್ನದೇ ಹೆಸರು ಕಂಡೆ:
ದೂರುದಾರಳಾದ ದಮಯಂತಿ ಎಂಬಾಕೆ
ತನ್ನ ಕಾಯಿಲೆಯನ್ನು ಉದ್ದೇಶಪೂರ್ವಕವಾಗಿ ಮರೆಮಾಚಿರುತ್ತಾಳೆ.

ನನ್ನೊಳಗಿದ್ದು ನನಗೇ ಗೊತ್ತಿಲ್ಲದ್ದನ್ನು
ನಾನು ಬಚ್ಚಿಟ್ಟೆನಂತೆ.

ಮಿಷನ್ ನಿಲ್ಲಲಿಲ್ಲ. ನಾನೂ ನಿಲ್ಲಿಸಲಿಲ್ಲ.
ನಲವತ್ತನೆಯ ಹಾಳೆ ಸಿಕ್ಕಿಕೊಂಡಿತು;
ಬಾಗಿಲು ತೆಗೆದು, ಹರಿಯದಂತೆ ಎಳೆದು,
ಮಡಿಕೆ ನೀವಿ ಮತ್ತೆ ಇಟ್ಟೆ.
ಒಳಗೆ ಹೋಗಿ ದೇಚಕ್ಕನಿಗೆ ಫೋನು ಮಾಡಿದರೆ
"ಹೇಗೂ ನಮಗೊಂದು ಪ್ರತಿ ಕೊಡಲೇಬೇಕು ಅವರು.
ಚೆನ್ನಾಗಿ ತೆಗೆಯಿರಿ, ನನ್ನ ಕಣ್ಣು ಮಂಜು," ಎಂದರು.

ನೂರ ಇಪ್ಪತ್ತನಾಲ್ಕು ರೂಪಾಯಿ.
ಅವನು ನೂರ ಇಪ್ಪತ್ತು ಕೊಟ್ಟ, ಚಿಲ್ಲರೆ ಇಲ್ಲ, ಎಂದ.
ಬಿಡಿ, ಅನ್ನುತ್ತಿದ್ದೆ ಬೇರೆ ದಿನವಾದರೆ.
ಬಾಕಿ ಪುಸ್ತಕ ತೆಗೆದೆ.
ಯಾರ ಹೆಸರಿಗೆ, ಅಂತ ಕೇಳಿದೆ.
ಕಂಪೆನಿಯ ಹೆಸರು ಹೇಳಿದ.
ದುಂಡಗೆ ಬರೆದುಕೊಂಡೆ. ಬರಬೇಕಾದ್ದು: ನಾಲ್ಕು.